ಅಮ್ಮನ ಬೀರುವಿಗೆ ಹೊಸ ಕಳೆ: ಮೈತುಂಬ ಇರುವ, ಮೈಗೆ ಒಪ್ಪುವ ಬಟ್ಟೆಗಳ ಸಮಗ್ರ ಮಾರ್ಗದರ್ಶಿ

ಅಮ್ಮನಿಗೆ ಬಟ್ಟೆ ತರುವಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ಒಂದೋ ನಮಗೆ ಹಿಡಿಸಿದ್ದನ್ನು ತರುತ್ತೇವೆ, ಇಲ್ಲವೇ "ಅಮ್ಮನಿಗೆ ಸಡಿಲ ಇದ್ದರೆ ಸಾಕು" ಅಂತ ಎರಡು ಸೈಜು ದೊಡ್ಡದನ್ನು ತರುತ್ತೇವೆ. ನಮಗೆ ಬೇಜಾರಾಗಬಾರದು ಅಂತ ಅವರು ಒಂದೆರಡು ಸಲ ಹಾಕಿಕೊಳ್ಳುತ್ತಾರೆ. ಆಮೇಲೆ ಅದು ಬೀರುವಿನ ಅಡಿ ಸೇರುತ್ತದೆ.

ಮೈತುಂಬ ಬಟ್ಟೆ ಬೇಕು ಅನ್ನುವವರು ದೊಗಳೆ ಬಟ್ಟೆ ಹಾಕಬೇಕು ಅಂತೇನೂ ಇಲ್ಲ. ದೊಗಳೆ ಬಟ್ಟೆಯ ಭುಜ ಜಾರುತ್ತದೆ, ಕೊರಳು ಬಾಯಿ ಬಿಡುತ್ತದೆ, ಬಗ್ಗಿದಾಗ ಒಳಗೆಲ್ಲ ಕಾಣುತ್ತದೆ. ಭುಜ, ಕೊರಳು, ಕಂಕುಳು ಸರಿಯಾಗಿ ಕೂತ ಬಟ್ಟೆಯೇ ಹೆಚ್ಚು ಮುಚ್ಚುತ್ತದೆ, ನೋಡೋಕೂ ಚೆಂದ. ಮುಂದೆ ಹೇಳುವ ಎಲ್ಲ ಕೆಲಸವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಕೇಳಿ

ಅಂಗಡಿಗೆ ಹೋಗುವ ಮುಂಚೆ ಅಮ್ಮನ ಜೊತೆ ಕೂತು ಮಾತಾಡಿ. ಯಾವ ಬಟ್ಟೆ ಹಾಕಿದಾಗ ನಿರಾಳ ಅನಿಸುತ್ತದೆ? ಯಾವುದನ್ನು ಹಾಕಿದರೆ ದಿನವಿಡೀ ಎಳೆದುಕೊಳ್ಳುತ್ತಲೇ ಇರಬೇಕಾಗುತ್ತದೆ? ತೋಳು ಎಲ್ಲಿಯವರೆಗೆ ಬೇಕು? ಒಬ್ಬರಿಗೆ ಮೊಣಕೈ ಮುಚ್ಚಿರಬೇಕು. ಇನ್ನೊಬ್ಬರಿಗೆ ತೋಳಿನ ಚಿಂತೆಯಿಲ್ಲ, ಆದರೆ ಬೆನ್ನು ಕಾಣಬಾರದು. ಮತ್ತೊಬ್ಬರಿಗೆ ಬಟ್ಟೆ ಹೊಟ್ಟೆಗೆ ಅಂಟಿದರೆ ಮುಜುಗರ. ಎಷ್ಟು ಮುಚ್ಚಬೇಕು ಅನ್ನುವ ಗೆರೆಯನ್ನು ಎಳೆಯುವವರು ಅವರೇ. ನಾವು ಅದನ್ನು ಹಿಂದಕ್ಕೂ ತಳ್ಳಬಾರದು, ಮುಂದಕ್ಕೂ ಎಳೆಯಬಾರದು.

ಕೆಲವು ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ. ಆಗ ಅವರ ಕೈ ನೋಡಿ. ಕುರ್ತಾದ ಹಿಂಭಾಗವನ್ನು ಪದೇ ಪದೇ ಕೆಳಗೆ ಎಳೆದುಕೊಂಡರೆ ಹಿಪ್ ಹತ್ತಿರ ಬಿಗಿ ಇದೆ. ಕೊರಳಿನ ಹತ್ತಿರ ಕೈ ಹೋಗುತ್ತಿದ್ದರೆ ಕೊರಳು ಅಗಲವಾಯಿತು. ಮನೆಯಲ್ಲೂ ಸೆರಗನ್ನೋ ದುಪಟ್ಟಾವನ್ನೋ ಬಿಡದೆ ಹೊದ್ದುಕೊಂಡೇ ಇದ್ದರೆ, ಒಳಗಿನ ಬಟ್ಟೆ ಮೇಲೆ ಅವರಿಗೆ ಭರವಸೆ ಇಲ್ಲ ಅಂತ ಅರ್ಥ.

ಇನ್ನೊಂದು ಮುಖ್ಯ ವಿಷಯ. "ನೀನು ದಪ್ಪ ಆಗಿದ್ದೀಯಮ್ಮ" ಅನ್ನಬೇಡಿ. "ಈ ಕುರ್ತಾದ ತೋಳು ಚಿಕ್ಕದಾಯ್ತಮ್ಮ" ಅನ್ನಿ. ತಪ್ಪು ಬಟ್ಟೆಯದ್ದೇ ಆಗಿರಲಿ. ಈ ಒಂದು ಎಚ್ಚರ ಇದ್ದರೆ ಮುಂದಿನ ಕೆಲಸವೆಲ್ಲ ಸಲೀಸು.

ಮೈ ಬದಲಾಗಿದೆ, ಬಟ್ಟೆ ಹಾಗೇ ಇದೆ

40 ದಾಟಿದ ಮೇಲೆ ಪ್ರತಿ 10 ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಎತ್ತರ ಕಡಿಮೆಯಾಗುವುದು ಸಾಮಾನ್ಯ. ಅಂದರೆ 65ರ ಹೊತ್ತಿಗೆ ಹತ್ತಿರ ಹತ್ತಿರ ಒಂದು ಇಂಚು. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆ, ಸೊಂಟದ ಸುತ್ತ ಸೇರುವುದು ಜಾಸ್ತಿ. ಬೆನ್ನಿನ ಮೇಲ್ಭಾಗ ಸ್ವಲ್ಪ ಗುಂಡಗಾಗುತ್ತದೆ, ಭುಜ ಮುಂದಕ್ಕೆ ಬಾಗುತ್ತದೆ. ತೂಕ ಒಂದು ಕಿಲೋ ಕೂಡ ಏರದಿದ್ದರೂ ಹಳೆಯ ಬಟ್ಟೆ ಮೊದಲಿನ ಹಾಗೆ ಕೂರದಿರಲು ಇದೇ ಕಾರಣ.

ಹಾಗಾಗಿ ಭುಜಕ್ಕೆ ಎಂ ಸೈಜು, ಹಿಪ್‌ಗೆ ಎಕ್ಸ್‌ಎಲ್ ಸೈಜು ಆಗುವುದು ತೀರಾ ಮಾಮೂಲಿ. ರೆಡಿಮೇಡ್ ಬಟ್ಟೆ ಇಂಥ ಮೈಯನ್ನು ಲೆಕ್ಕಕ್ಕೆ ಇಟ್ಟುಕೊಂಡು ಹೊಲಿದದ್ದಲ್ಲ. ಅದಕ್ಕೇ ಒಂದು ನಿಯಮ ನೆನಪಿಡಿ: ಭುಜ ಮತ್ತು ಎದೆಗೆ ಸರಿಯಾಗುವ ಸೈಜು ತೆಗೆದುಕೊಳ್ಳಿ, ಮಿಕ್ಕಿದ್ದನ್ನು ಟೈಲರ್ ಸರಿ ಮಾಡಲಿ. ಹಿಪ್ ಹತ್ತಿರ ಅಗಲ ಬೇಕಿದ್ದರೆ ಕೆಳಗೆ ಹೋದಂತೆ ಅರಳುವ ಎ-ಲೈನ್ ಕಟಿಂಗ್ ಹುಡುಕಿ. ಹಿಪ್‌ಗೋಸ್ಕರ ಇಡೀ ಬಟ್ಟೆಯನ್ನೇ ದೊಡ್ಡ ಸೈಜಿನಲ್ಲಿ ತಂದರೆ ಭುಜ, ಕೊರಳು ಎರಡೂ ಕೆಡುತ್ತವೆ.

ಬೀರು ಖಾಲಿ ಮಾಡುವುದು

ಒಂದು ಬಿಡುವಿನ ದಿನ ಎಲ್ಲವನ್ನೂ ಹಾಸಿಗೆ ಮೇಲೆ ಹಾಕಿ. ಹಾಕಿಕೊಂಡಾಗ ಖುಷಿ ಕೊಡುವವು ಒಂದು ಕಡೆ, ಇಷ್ಟ ಇದ್ದರೂ ಆಗದವು ಇನ್ನೊಂದು ಕಡೆ, ವರ್ಷದಿಂದ ಮುಟ್ಟದವು ಮತ್ತೊಂದು ಕಡೆ. ಎರಡನೆಯ ರಾಶಿಯೇ ನಿಮ್ಮ ಬಂಡವಾಳ, ಅದು ಟೈಲರ್ ಹತ್ತಿರ ಹೋಗುತ್ತದೆ. ನೆನಪಿಗಾಗಿ ಇಟ್ಟುಕೊಂಡ ಬಟ್ಟೆಗಳ ತಂಟೆಗೆ ಹೋಗಬೇಡಿ. ಅವನ್ನು ಬೇರೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ. ಅಮ್ಮ ಇಲ್ಲದಾಗ ಒಂದು ಕರ್ಚೀಫನ್ನೂ ಎಸೆಯಬೇಡಿ.

ಒಳ ಉಡುಪಿನಿಂದ ಶುರು ಮಾಡಿ

ಇದನ್ನು ಬಿಟ್ಟು ಅಳತೆ ತೆಗೆದರೆ ಶ್ರಮವೆಲ್ಲ ವ್ಯರ್ಥ. ಎಲಾಸ್ಟಿಕ್ ಸತ್ತ ಬ್ರಾ ಹಾಕಿಕೊಂಡು ಕೊಟ್ಟ ಅಳತೆಗೆ ಬ್ಲೌಸ್ ಹೊಲಿಸಿದರೆ, ಹೊಸ ಬ್ರಾ ಹಾಕಿದ ದಿನ ಆ ಬ್ಲೌಸಿನ ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹಾಕಿದ ಹೊಲಿಗೆ, ಬೇರೆಲ್ಲೋ ಕೂತಿರುತ್ತದೆ.

ಬ್ರಾದಲ್ಲಿ ಭಾರ ಹೊರಬೇಕಾದ್ದು ಸುತ್ತಿನ ಪಟ್ಟಿ, ಭುಜದ ಸ್ಟ್ರಾಪ್ ಅಲ್ಲ. ಭುಜದ ಮೇಲೆ ಗುಳಿ ಬಿದ್ದಿದ್ದರೆ ಪಟ್ಟಿ ಸಡಿಲವಾಗಿದೆ ಎಂದು ಅನುಮಾನಿಸಿ. ಪಟ್ಟಿ ಮುಂದೆ, ಹಿಂದೆ ಒಂದೇ ಮಟ್ಟದಲ್ಲಿರಬೇಕು. ಬೆನ್ನಿನಲ್ಲಿ ಮೇಲೆ ಏರಿದ್ದರೆ ಅದೂ ಸಡಿಲವೇ. ಹೊಸದನ್ನು ಕೊಳ್ಳುವಾಗ ಹೊರಗಿನ, ಅಂದರೆ ಎಲ್ಲಕ್ಕಿಂತ ಸಡಿಲದ ಹುಕ್ಕಿಗೆ ಹಾಕಿದಾಗ ಸರಿಯಾಗಿ ಕೂರುವುದನ್ನು ಆರಿಸಿ. ಮುಂದೆ ಎಲಾಸ್ಟಿಕ್ ಹಿಗ್ಗಿದಾಗ ಒಳಗಿನ ಹುಕ್ಕುಗಳು ಕೆಲಸಕ್ಕೆ ಬರುತ್ತವೆ. ಎದೆಯ ತುದಿ ಭುಜ ಮತ್ತು ಮೊಣಕೈ ನಡುವೆ ಹೆಚ್ಚು ಕಡಿಮೆ ಮಧ್ಯದಲ್ಲಿ ಬಂದರೆ ಸರಿ ಇದೆ. ಸೊಂಟಕ್ಕೂ ಎದೆಗೂ ನಡುವೆ ಜಾಗ ಕಾಣುವುದರಿಂದ ಮೇಲಿನ ಯಾವ ಬಟ್ಟೆಯಾದರೂ ನೇರವಾಗಿ ಇಳಿಯುತ್ತದೆ.

ಬಿಳಿ, ತಿಳಿ ಬಣ್ಣದ ಬಟ್ಟೆ ಒಳಗೆ ಬಿಳಿ ಒಳ ಉಡುಪು ಎದ್ದು ಕಾಣುತ್ತದೆ. ಅವರ ಮೈಬಣ್ಣಕ್ಕೆ ಹತ್ತಿರದ್ದು ಕಾಣುವುದಿಲ್ಲ.

ಅಳತೆ ತೆಗೆಯುವ ಕ್ರಮ

ತೆಳು ಬಟ್ಟೆ ಹಾಕಿಕೊಂಡು, ಸಹಜವಾಗಿ ಉಸಿರಾಡುತ್ತಾ ನಿಲ್ಲಲಿ. ಹೊಟ್ಟೆ ಒಳಗೆ ಎಳೆದುಕೊಳ್ಳುವುದು ಬೇಡ. ಟೇಪು ನೆಲಕ್ಕೆ ಸಮನಾಗಿರಲಿ, ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ.

- ಭುಜ: ಬೆನ್ನಿನ ಕಡೆಯಿಂದ, ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಗೆ.
- ಎದೆ: ತುಂಬಿದ ಜಾಗದ ಸುತ್ತ. ಎದೆಯ ಕೆಳಗಿನ ಸುತ್ತನ್ನೂ ಬರೆದುಕೊಳ್ಳಿ.
- ಸೊಂಟ: ಒಂದು ಪಕ್ಕಕ್ಕೆ ಬಾಗಿದಾಗ ಎಲ್ಲಿ ಮಡಿಕೆ ಬೀಳುತ್ತದೋ ಅದೇ ಸೊಂಟ.
- ಹಿಪ್: ಸೊಂಟದಿಂದ ಸುಮಾರು 7ರಿಂದ 9 ಇಂಚು ಕೆಳಗೆ, ಎಲ್ಲಕ್ಕಿಂತ ಅಗಲವಾದ ಜಾಗ.
- ರಟ್ಟೆ: ತೋಳಿನ ದಪ್ಪನೆಯ ಭಾಗದ ಸುತ್ತ. ಇದನ್ನು ಹೆಚ್ಚಿನವರು ಮರೆಯುತ್ತಾರೆ.
- ಕಂಕುಳ ಸುತ್ತು, ಮತ್ತು ಮೊಣಕೈ ಸ್ವಲ್ಪ ಮಡಚಿ ತೋಳಿನ ಉದ್ದ.
- ಉದ್ದ: ಕೊರಳಿನ ಬುಡದಿಂದ ಎದೆಯ ಮೇಲೆ ಹಾದು, ಬಟ್ಟೆ ಎಲ್ಲಿ ಮುಗಿಯಬೇಕೋ ಅಲ್ಲಿಯವರೆಗೆ. ಪ್ಯಾಂಟಿನ ಉದ್ದವನ್ನು ಚಪ್ಪಲಿ ಹಾಕಿಕೊಂಡೇ ತೆಗೆಯಿರಿ.

ಹಿಪ್ ಅಳತೆಯನ್ನು ಕೂತಾಗ ಇನ್ನೊಂದು ಸಲ ತೆಗೆಯಿರಿ. ಕೂತರೆ ಅದು ಹಿಗ್ಗುತ್ತದೆ. ನಿಂತಾಗ ಸರಿ ಇದ್ದ ಕುರ್ತಾ ಕೂತಾಗ ಯಾಕೆ ಬಿಗಿಯುತ್ತದೆ ಅಂತ ಆಗ ಗೊತ್ತಾಗುತ್ತದೆ.

ಇವು ಮೈ ಅಳತೆ. ಬಟ್ಟೆಯ ಅಳತೆ ಇದಕ್ಕಿಂತ ದೊಡ್ಡದಿರಬೇಕು. ಹಿಗ್ಗದ ಬಟ್ಟೆಯ ಕುರ್ತಾ, ಟಾಪ್ ಆದರೆ ಎದೆಗೆ 3ರಿಂದ 4 ಇಂಚು, ಹಿಪ್‌ಗೂ ಅಷ್ಟೇ, ರಟ್ಟೆಗೆ ಸುಮಾರು 2 ಇಂಚು ಸೇರಿಸಿ. ಹಿಗ್ಗುವ ಹೆಣಿಗೆ ಬಟ್ಟೆಗೆ 1ರಿಂದ 2 ಇಂಚು ಸಾಕು. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಸೈಜ್ ಚಾರ್ಟಿನಲ್ಲಿ ಇರುವುದು ಮೈ ಅಳತೆಯೋ, ಬಟ್ಟೆಯ ಅಳತೆಯೋ ನೋಡಿ. ಬಟ್ಟೆಯದ್ದಾದರೆ ಸುಲಭ ದಾರಿ ಇದೆ. ಅಮ್ಮನಿಗೆ ಚೆನ್ನಾಗಿ ಆಗುವ ಒಂದು ಕುರ್ತಾವನ್ನು ಮೇಜಿನ ಮೇಲೆ ಹಾಸಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದು, ಎರಡು ಪಟ್ಟು ಮಾಡಿ, ಅದಕ್ಕೆ ಹೋಲಿಸಿ.

ಕನ್ನಡಿ ಮುಂದೆ ಏನು ನೋಡಬೇಕು

ಭುಜದ ಹೊಲಿಗೆ ಮೂಳೆಯ ತುದಿಯಲ್ಲಿ ಕೂತಿದೆಯಾ? ತೋಳಿನ ಕಡೆ ಇಳಿದಿದ್ದರೆ ಬಟ್ಟೆ ದೊಡ್ಡದು, ಕೊರಳಿನ ಕಡೆ ಸರಿದಿದ್ದರೆ ಚಿಕ್ಕದು. ಮೊದಲು ಇದನ್ನೇ ನೋಡಿ. ಆಮೇಲೆ ಸುಕ್ಕುಗಳನ್ನು ಓದಿ. ಅಡ್ಡ ಸುಕ್ಕು ಇದ್ದರೆ ಆ ಜಾಗದಲ್ಲಿ ಬಿಗಿ. ಉದ್ದುದ್ದ ಜೋಲುವ ಮಡಿಕೆ ಇದ್ದರೆ ಸಡಿಲ. ಓರೆಯಾಗಿ ಎಳೆದ ಗೆರೆಗಳು ಎತ್ತ ತೋರಿಸುತ್ತವೋ ಅಲ್ಲೇ ಬಟ್ಟೆ ಸಾಲದು. ಪಕ್ಕದಿಂದಲೂ ನೋಡಿ. ಕೆಳ ಅಂಚು ಹಿಂದೆ ಮೇಲಕ್ಕೆ ಹೋಗಿದ್ದರೆ ಬೆನ್ನು ಗುಂಡಗಿರುವುದೋ ಹಿಪ್ ಬಿಗಿಯೋ ಕಾರಣ. ಮುಂದೆ ಮೇಲಕ್ಕೆ ಹೋಗಿದ್ದರೆ ಹೊಟ್ಟೆ ಅಥವಾ ಎದೆ ಬಟ್ಟೆಯನ್ನು ಎತ್ತಿಕೊಂಡಿದೆ. ಎರಡನ್ನೂ ಟೈಲರ್ ಅಂಚಿನಲ್ಲಿ ಸರಿ ಮಾಡಿ ಕೊಡಬಲ್ಲರು.

ಈಗ ಅಮ್ಮನಿಗೆ ಸುಮ್ನೆ ನಿಲ್ಲಬೇಡಿ ಅನ್ನಿ. ಕೂತು ಏಳಲಿ. ನೆಲದ ಮೇಲೆ ಬಿದ್ದದ್ದನ್ನು ಎತ್ತುವ ಹಾಗೆ ಬಗ್ಗಲಿ. ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯುವ ಹಾಗೆ ಎರಡೂ ಕೈ ಎತ್ತಲಿ.

ಕೈ ಎತ್ತುವ ಈ ಪರೀಕ್ಷೆಯನ್ನು ಹತ್ತಿರದಿಂದ ಗಮನಿಸಿ. ಎಷ್ಟೋ ಸಲ ಕೈ ಜೊತೆ ಇಡೀ ಕುರ್ತಾ ಮೇಲೆ ಬರುತ್ತದೆ, ಹೊಟ್ಟೆಯ ಪಕ್ಕ ಕಾಣುತ್ತದೆ, ಅಮ್ಮ ಅರ್ಧದಲ್ಲೇ ಕೈ ಇಳಿಸುತ್ತಾರೆ. ಕುರ್ತಾ ಬಿಗಿ ಆಯಿತು, ಇನ್ನೂ ದೊಡ್ಡದು ಬೇಕು ಅನಿಸುತ್ತದೆ ಅಲ್ವಾ? ನಿಜವಾದ ಕಾರಣ ಹೆಚ್ಚಾಗಿ ಕಂಕುಳ ಸುತ್ತು ತೀರಾ ಕೆಳಗೆ ಇಳಿದಿರುವುದು. ತೋಳು ಪಕ್ಕೆಯ ಹತ್ತಿರ ಜೋಡಣೆಯಾದ್ದರಿಂದ ಕೈ ಎತ್ತಿದರೆ ಪಕ್ಕೆಯ ಬಟ್ಟೆಯೂ ಎದ್ದು ಬರುತ್ತದೆ. ಕಂಕುಳ ಹತ್ತಿರದಲ್ಲೇ, ಆದರೆ ಒತ್ತದಂತೆ ಜೋಡಿಸಿದ ತೋಳು ಕೈ ಜೊತೆ ಮಾತ್ರ ಏಳುತ್ತದೆ. ದೊಡ್ಡ ಸೈಜಿಗೆ ಹೋದರೆ ಕಂಕುಳು ಇನ್ನೂ ಕೆಳಗಿಳಿಯುತ್ತದೆ, ತೊಂದರೆ ಜಾಸ್ತಿಯಾಗುತ್ತದೆ. ಹೊಲಿಸುವಾಗ ಈ ಮಾತನ್ನು ಟೈಲರ್‌ಗೆ ಸ್ಪಷ್ಟವಾಗಿ ಹೇಳಿ. ಇರುವ ಬಟ್ಟೆಯಾದರೆ ಕಂಕುಳಲ್ಲಿ ಒಂದು ವಜ್ರಾಕಾರದ ತುಂಡು ಕೂಡಿಸಿಕೊಟ್ಟರೆ ಕೈ ಆಡಲು ಜಾಗ ಸಿಗುತ್ತದೆ.

ಮುಚ್ಚುವುದು ಹೇಗೆ, ಭಾರ ಮಾಡದೆ

ಕೊರಳು ಆಳವಾಗಿರುವುದಕ್ಕಿಂತ ಅಗಲವಾಗಿರುವುದು ಹೆಚ್ಚು ತೊಂದರೆ. ಅಗಲ ಕೊರಳು ಒಂದು ಕಡೆ ಜಾರಿ ಸ್ಟ್ರಾಪ್ ಕಾಣುತ್ತದೆ, ಬಗ್ಗಿದಾಗ ಮೈಯಿಂದ ದೂರ ನಿಲ್ಲುತ್ತದೆ. ಅಗಲ ಕಡಿಮೆ ಇರುವ, ಸ್ವಲ್ಪವೇ ಇಳಿದ ವಿ ಕೊರಳು ಮುಖವನ್ನು ಎತ್ತಿ ತೋರಿಸುತ್ತದೆ, ಕತ್ತು ಉದ್ದ ಕಾಣುತ್ತದೆ, ಮುಚ್ಚುವುದನ್ನೂ ಮುಚ್ಚುತ್ತದೆ. ಕತ್ತಿನ ಬುಡದ ಗುಳಿಯಿಂದ ಮೂರು ಬೆರಳು ಕೆಳಗೆ ನಿಂತರೆ ಬಹಳ ಜನರಿಗೆ ಹಿತ. ಈಗಾಗಲೇ ಅಗಲವಿರುವ ಕೊರಳಿಗೆ ಭುಜದ ಹೊಲಿಗೆಯ ಒಳಗೆ ಚಿಕ್ಕ ಪಟ್ಟಿ, ಒಂದು ಟಿಚ್ ಬಟನ್ ಹಾಕಿಸಿ. ಸ್ಟ್ರಾಪ್ ಅದರೊಳಗೆ ಕೂತರೆ ಕೊರಳು ಜಾರುವುದಿಲ್ಲ.

ಮುಂದೆ ಗುಂಡಿ ಇರುವ ಟಾಪ್ ಎದೆ ಹತ್ತಿರ ಬಾಯಿ ತೆರೆಯುತ್ತದೆಯಾ? ಎದೆಯ ತುಂಬಿದ ಮಟ್ಟಕ್ಕೆ ಸರಿಯಾಗಿ ಒಂದು ಗುಂಡಿ ಇರಬೇಕು. ಇಲ್ಲದಿದ್ದರೆ ಎರಡು ಗುಂಡಿಗಳ ನಡುವೆ ಒಳಗಿನಿಂದ ಟಿಚ್ ಬಟನ್ ಹೊಲಿದುಬಿಡಿ. ಮನೆಯಲ್ಲೇ ಆಗುವ ಕೆಲಸ.

ತೋಳು ಎದೆಯ ಮಟ್ಟದಲ್ಲೇ ಮುಗಿದರೆ ಕಣ್ಣು ಅಲ್ಲಿ ಅಡ್ಡ ಓಡುತ್ತದೆ, ಆ ಭಾಗ ಅಗಲವಾಗಿ ಕಾಣುತ್ತದೆ. ಮೊಣಕೈ ದಾಟಿ ಸ್ವಲ್ಪ ಕೆಳಗೆ ನಿಲ್ಲುವ ಮುಕ್ಕಾಲು ತೋಳು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ರಟ್ಟೆ ಮುಚ್ಚುತ್ತದೆ, ಮಣಿಕಟ್ಟು ಕಾಣುತ್ತದೆ, ಕೈ ತೊಳೆಯುವಾಗ ಒದ್ದೆಯಾಗುವುದಿಲ್ಲ. ಬಟ್ಟೆಯ ಕೆಳ ಅಂಚಿಗೂ ಇದೇ ಲೆಕ್ಕ. ಹಿಪ್ಪಿನ ಅಗಲವಾದ ಜಾಗದಲ್ಲೇ ಅಂಚು ನಿಲ್ಲಬಾರದು. ಅದಕ್ಕಿಂತ ಮೇಲೋ, ಚೆನ್ನಾಗಿ ಕೆಳಗೋ ನಿಲ್ಲಲಿ.

ಕುರ್ತಾದ ಪಕ್ಕದ ಸ್ಲಿಟ್ ತುಂಬಾ ಮೇಲಿಂದ ಶುರುವಾಗಿದ್ದರೆ ಎರಡು, ಮೂರು ಇಂಚು ಹೊಲಿಗೆ ಹಾಕಿಸಿ ಕೆಳಗಿಳಿಸಬಹುದು. ಆದರೆ ಹಿಪ್ ಹತ್ತಿರ ಜಾಗ ಇದ್ದರೆ ಮಾತ್ರ. ಹೊಲಿಯುವ ಮೊದಲು ಪಿನ್ನು ಹಾಕಿ ನಾಲ್ಕು ಹೆಜ್ಜೆ ನಡೆಸಿ, ಕೂರಿಸಿ ನೋಡಿ.

ಪಾರದರ್ಶಕವೋ ಅಲ್ಲವೋ ತಿಳಿಯಲು ಬಟ್ಟೆಯೊಳಗೆ ಕೈ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಲೈನಿಂಗ್ ಬೇಕು. ಲೈನಿಂಗ್ ಹತ್ತಿಯದ್ದಾಗಿರಲಿ, ಅದನ್ನೂ ಮೊದಲೇ ನೀರಿಗೆ ಹಾಕಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ಬಟ್ಟೆ ಸುರುಟುತ್ತದೆ. ಪಾಲಿಯೆಸ್ಟರ್ ಬಟ್ಟೆ ಒಣ ಹವೆಯಲ್ಲಿ ಕಾಲಿಗೆ ಅಂಟುತ್ತದೆ. ಒಳಗೆ ಹತ್ತಿಯ ಲಂಗವೋ ಸ್ಲಿಪ್ಪೋ ಇದ್ದರೆ ಅಂಟುವುದು ಕಡಿಮೆಯಾಗುತ್ತದೆ. ತೆಳ್ಳನೆಯ ಹೆಣಿಗೆ ಬಟ್ಟೆ ಪ್ರತಿಯೊಂದು ಮಡಿಕೆಯನ್ನೂ ತೋರಿಸುತ್ತದೆ. ಅದೇ ಬಟ್ಟೆ ಸ್ವಲ್ಪ ದಪ್ಪ ಇದ್ದರೆ ಜಾರಿ ಇಳಿಯುತ್ತದೆ, ಅಂಟುವುದಿಲ್ಲ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಈ ವಯಸ್ಸಿಗೆ ಈ ಬಣ್ಣನಾ" ಅನ್ನುವ ಮಾತನ್ನು ಮಾತ್ರ ಮನೆಯಿಂದ ಹೊರಗಿಡಿ. ಕೂದಲು ನೆರೆತ ಮೇಲೆ ಮೊದಲು ಒಪ್ಪುತ್ತಿದ್ದ ಕೆಲವು ಬಣ್ಣ ಮಂಕಾಗಿ ಕಾಣಬಹುದು, ಒಪ್ಪದಿದ್ದ ಬಣ್ಣ ಈಗ ಬೆಳಗಬಹುದು. ಹಗಲಿನಲ್ಲಿ ಕಿಟಕಿ ಹತ್ತಿರ ನಿಂತು, ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿದು ನೋಡಿ. ಮುಖಕ್ಕಿಂತ ಮೊದಲು ಬಟ್ಟೆ ಕಣ್ಣಿಗೆ ಬಿದ್ದರೆ ಅದನ್ನು ಪ್ಯಾಂಟಿಗೆ ಬಳಸಿ. ಮೇಲಿಂದ ಕೆಳಗೆ ಒಂದೇ ಬಣ್ಣದ ಛಾಯೆ, ಅದರ ಮೇಲೆ ಮುಂದೆ ತೆರೆದ ಉದ್ದನೆಯ ಜಾಕೆಟ್ ಇದ್ದರೆ ಎತ್ತರ ಕಾಣುತ್ತಾರೆ, ಹೊಟ್ಟೆಯ ಮೇಲೆ ಕಣ್ಣು ನಿಲ್ಲುವುದಿಲ್ಲ.

ಸೀರೆ ಉಡುವ ಅಮ್ಮನಿಗೆ

ಸೀರೆಗೆ ಸೈಜಿಲ್ಲ, ಬ್ಲೌಸಿಗೆ ಇದೆ. ಎಷ್ಟೋ ಒಳ್ಳೆಯ ಸೀರೆಗಳು ಬ್ಲೌಸ್ ಆಗದ ಕಾರಣಕ್ಕೇ ಮೂಲೆ ಸೇರಿರುತ್ತವೆ. ಬ್ಲೌಸನ್ನು ಒಳಮಗ್ಗುಲು ಮಾಡಿ ಪಕ್ಕದ ಹೊಲಿಗೆ ನೋಡಿ. ಒಳಗೆ ಬಿಟ್ಟ ಮಾರ್ಜಿನ್ ಇದ್ದರೆ ಬಿಚ್ಚಿ ಅಗಲ ಮಾಡಬಹುದು. ತೋಳಿಗೆ ಮಾರ್ಜಿನ್ ಇಲ್ಲದಿದ್ದರೆ ಒಳಗಡೆ ಅದೇ ಬಣ್ಣದ ಪಟ್ಟಿ ಕೂಡಿಸಬಹುದು. ಸೆರಗು, ತೋಳಿನ ಮಡಿಕೆ ಅದನ್ನು ಮರೆಮಾಡುತ್ತವೆ. ಹೊಸದಾಗಿ ಹೊಲಿಸುವಾಗ ಉದ್ದ ಒಂದು ಇಂಚು ಜಾಸ್ತಿ ಇಡಿಸಿ, ಹಿಂಗೊರಳು ಮೇಲೆ ಇರಲಿ, ಹುಕ್ಕು ಮುಂದೆ ಇರಲಿ. ಮುಂದಿನ ವರ್ಷಕ್ಕೂ ಆಗಲಿ ಅಂತ ಪಕ್ಕದಲ್ಲಿ ಒಂದು ಇಂಚು ಮಾರ್ಜಿನ್ ಬಿಡಿಸಿ.

ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಿ ಸೊಂಟದ ಸುತ್ತ ಕಪ್ಪು ಗೆರೆ ಬಿದ್ದಿದ್ದರೆ, ಅಗಲವಾದ ಪಟ್ಟಿ ಅಥವಾ ಎಲಾಸ್ಟಿಕ್ ಇರುವ ಲಂಗಕ್ಕೆ ಬದಲಾಯಿಸಿ. ಸೀರೆಯ ಕೆಳ ಅಂಚು ಚಪ್ಪಲಿ ಹಾಕಿದ ಮೇಲೂ ಕಾಲಿಗೆ ಸಿಗಬಾರದು. ಪ್ಯಾಂಟಿಗೂ ನೈಟಿಗೂ ಇದೇ ಮಾತು. ಮೆಟ್ಟಿಲ ಮೇಲೆ ಅಂಚು ತುಳಿದು ಬೀಳುವುದು ದೊಡ್ಡ ಅಪಾಯ.

ಕೈ ಕಾಲು ನೋವಿದ್ದರೆ

ಭುಜ ಹಿಡಿದಿರುವವರಿಗೆ ತಲೆಯ ಮೇಲಿಂದ ಹಾಕುವ ಬಟ್ಟೆ ಹಿಂಸೆ. ಪೂರ್ತಿ ಮುಂದೆ ತೆರೆಯುವಂಥದ್ದನ್ನು ಕೊಡಿ. ಹಾಕುವಾಗ ನೋವಿರುವ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಬೆರಳಿನ ಗಂಟು ನೋವಿದ್ದರೆ ಸಣ್ಣ ಹುಕ್ಕಿನ ಬದಲು ದೊಡ್ಡ ಗುಂಡಿ, ಎಲಾಸ್ಟಿಕ್ ಸೊಂಟ. ಮ್ಯಾಗ್ನೆಟ್ ಗುಂಡಿಗಳೂ ಸಿಗುತ್ತವೆ, ಆದರೆ ಅಮ್ಮನಿಗೆ ಪೇಸ್‌ಮೇಕರ್ ಇದ್ದರೆ ಎದೆಯ ಹತ್ತಿರ ಅವು ಬೇಡವೇ ಬೇಡ. ಮ್ಯಾಗ್ನೆಟ್ ಅದರ ಕೆಲಸಕ್ಕೆ ಅಡ್ಡಿ ಮಾಡಬಹುದು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವವರಿಗೆ ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಹತ್ತಿ ಬಟ್ಟೆ ಮೇಲು, ಒಂದನ್ನು ತೆಗೆದಿಡಬಹುದು. ಒಲೆ ಹತ್ತಿರ ಅಗಲ ತೋಳು, ಜೋಲುವ ಸಿಂಥೆಟಿಕ್ ಬಟ್ಟೆ ಬೇಡ. ಬೆಂಕಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಟೈಲರ್ ಹತ್ತಿರ

ಬಟ್ಟೆಯನ್ನು ಒಗೆದೇ ಕೊಡಿ. ಹತ್ತಿ, ರೇಯಾನ್ ಎರಡೂ ಮೊದಲ ಒಗೆತಕ್ಕೆ ಕುಗ್ಗುತ್ತವೆ. ಉದ್ದ ಕಡಿಮೆ ಮಾಡುವುದು, ತೋಳು ಕತ್ತರಿಸುವುದು, ಪಕ್ಕ ಹಿಡಿಸುವುದು, ಟಕ್ಸ್ ಹಾಕುವುದು ಸುಲಭ. ಭುಜ ಚಿಕ್ಕದು ಮಾಡುವುದು ಕಷ್ಟ, ತೋಳು ಬಿಚ್ಚಿ ಮತ್ತೆ ಕೂಡಿಸಬೇಕು. ಎರಡು ಸೈಜಿಗಿಂತ ದೊಡ್ಡದಾದ ಬಟ್ಟೆಯನ್ನು ಚಿಕ್ಕದು ಮಾಡಿಸಲು ಹೋಗಬೇಡಿ, ಆಕಾರ ಕೆಡುತ್ತದೆ. ಅಮ್ಮ ಹಾಕಿಕೊಂಡಿರುವಾಗಲೇ ಸೇಫ್ಟಿ ಪಿನ್ನು ಹಾಕಿ ಗುರುತು ಮಾಡಿದರೆ ಮಾತಿನಲ್ಲಿ ವಿವರಿಸುವ ತಾಪತ್ರಯ ಇರುವುದಿಲ್ಲ. ಮೊದಲು ಒಂದನ್ನು ಮಾತ್ರ ಕೊಡಿ. ಅದು ಸರಿ ಬಂದರೆ ಅದನ್ನೇ ಅಳತೆ ಬಟ್ಟೆ ಮಾಡಿ ಉಳಿದವನ್ನು ಕೊಡಿ.

ಕೊನೆಗೆ ಹೊಸದು

ಇಷ್ಟಾದ ಮೇಲೆ ಏನು ಕಡಿಮೆ ಇದೆ ಅಂತ ತಾನಾಗಿ ಗೊತ್ತಾಗುತ್ತದೆ. ಹೆಚ್ಚಾಗಿ ಅದು ಒಳ ಉಡುಪು, ಮೈಗೆ ಸರಿಯಾದ ಎರಡು ಪ್ಯಾಂಟು, ದಿನಬಳಕೆಯ ಮೂರು ನಾಲ್ಕು ಟಾಪು, ಮೇಲೆ ಹಾಕಲು ಒಂದು ಜಾಕೆಟ್, ಇಷ್ಟೇ ಇರುತ್ತದೆ. ಹೊಸ ಟಾಪು ಬೀರುವಿನಲ್ಲಿ ಈಗಿರುವ ಕನಿಷ್ಠ ಎರಡು ಪ್ಯಾಂಟಿಗೆ ಹೊಂದಬೇಕು. ಮನೆಯಲ್ಲಿ ಉಡುವ ಬಟ್ಟೆಯನ್ನು ಕಡೆಗಣಿಸಬೇಡಿ. ಅಮ್ಮ ದಿನದ ಹೆಚ್ಚು ಹೊತ್ತು ಇರುವುದು ಅದರಲ್ಲೇ ಆದರೆ, ಒಳ್ಳೆಯ ನೈಟಿಗೋ ಹತ್ತಿ ಕುರ್ತಾಗೋ ಮೊದಲ ಖರ್ಚು ಮಾಡಿ. ಚಪ್ಪಲಿ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಆಗ ಆದದ್ದು ಯಾವಾಗಲೂ ಆಗುತ್ತದೆ.

ಅಮ್ಮನನ್ನು ಕರೆದುಕೊಂಡೇ ಹೋಗಿ, ಆತುರ ಮಾಡಬೇಡಿ. ಟ್ರಯಲ್ ರೂಮಿನಲ್ಲೂ ಕೂರುವುದು, ಬಗ್ಗುವುದು, ಕೈ ಎತ್ತುವುದು, ಮೂರನ್ನೂ ಮಾಡಿಸಿ. "ಪರವಾಗಿಲ್ಲ, ಇರಲಿ ಬಿಡು" ಅಂದರೆ ತರಬೇಡಿ. ಇಷ್ಟವಾದಾಗ ಅವರೇ ಕನ್ನಡಿ ಮುಂದೆ ಇನ್ನೊಂದು ಸಲ ತಿರುಗಿ ನೋಡುತ್ತಾರೆ.

ಅಳತೆಗಳನ್ನು ಒಂದು ಚೀಟಿಯಲ್ಲಿ ತಾರೀಕು ಸಮೇತ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಅದರ ಫೋಟೋ ನಿಮ್ಮ ಫೋನಿನಲ್ಲಿರಲಿ, ಅಕ್ಕ ತಂಗಿಯರಿಗೂ ಕಳಿಸಿ. ವರ್ಷಕ್ಕೊಮ್ಮೆ, ಅಥವಾ ಕಾಯಿಲೆ ಬಿದ್ದು ತೂಕ ಹೆಚ್ಚು ಕಡಿಮೆಯಾದಾಗ, ಭುಜ, ಎದೆ, ರಟ್ಟೆ, ಹಿಪ್ ಈ ನಾಲ್ಕನ್ನು ಮತ್ತೆ ತೆಗೆದು ಪಕ್ಕದಲ್ಲೇ ಬರೆಯಿರಿ.